ಕಿರುಬೆರಳಿನ ಜೋಮಿಗೆ ಕಾರಣ ಸೀಟಿನ ಮೂತಿಯಲ್ಲಿರಬಹುದು

ಪ್ರಶ್ನೆ: ನನಗೆ 44 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಎಂಟು ತಿಂಗಳ ಹಿಂದೆ ಇಲ್ಲಿನ ಒಂದು ಸೈಕ್ಲಿಂಗ್ ಕ್ಲಬ್ ಸೇರಿ, ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟು 60ರಿಂದ 90 ಕಿ.ಮೀ. ತುಳಿಯುತ್ತೇವೆ. ಮೊದಲ ತಿಂಗಳುಗಳಲ್ಲಿ ಒಂದು ಗಂಟೆ ಕಳೆದರೆ ತೊಡೆಸಂದಿಯಲ್ಲಿ ಜೋಮು ಹಿಡಿಯುತ್ತಿತ್ತು. ಕ್ಲಬ್ಬಿನ ಹಿರಿಯರೊಬ್ಬರು ಹೇಳಿದಂತೆ ದಪ್ಪನೆಯ ಜೆಲ್ ಸೀಟು ಹಾಕಿಸಿ, ಅದರ ಮೂತಿಯನ್ನು ಕೆಳಕ್ಕೆ ಬಾಗಿಸಿದೆ. ಆ ಜೋಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗ ಎರಡು ತಿಂಗಳಿಂದ ಕಿರುಬೆರಳು ಮತ್ತು ಉಂಗುರ ಬೆರಳು ಮರಗಟ್ಟುತ್ತಿವೆ, ಬಲಗೈಯಲ್ಲಿ ಹೆಚ್ಚು. ಭಾನುವಾರ ಹಿಡಿದ ಜೋಮು ಬುಧವಾರದವರೆಗೆ ಇರುತ್ತದೆ. ಕಳೆದ ವಾರ ನಂಜನಗೂಡು ದಾಟಿ ಬೇಗೂರಿನವರೆಗೆ ಹೋಗಿ ಬಂದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಏನೂ ತೊಂದರೆ ಇಲ್ಲ, ಇಳಿಯುವಾಗ ಮಾತ್ರ ಬ್ರೇಕ್ ಒತ್ತಲು ಬೆರಳು ಬರುವುದಿಲ್ಲ. ‘ನಾವೆಲ್ಲ ಅನುಭವಿಸಿದ್ದೇ, ಅಭ್ಯಾಸವಾಗುತ್ತದೆ’ ಎಂದು ಕ್ಲಬ್ಬಿನವರು ಹೇಳುತ್ತಾರೆ. ಸೈಕಲ್ ತುಳಿದರೆ ಗಂಡಸುತನಕ್ಕೇ ಕುತ್ತು ಎಂದು ನನ್ನ ಭಾವ ಹೆದರಿಸುತ್ತಾರೆ. ಡಿಸೆಂಬರಿನಲ್ಲಿ ನಡೆಯುವ, ನಿಗದಿತ ಹೊತ್ತಿನೊಳಗೆ ಮುಗಿಸಬೇಕಾದ 200 ಕಿ.ಮೀ. ಸವಾರಿಯಾದ ಬಿಆರ್‌ಎಂಗೆ ಹೆಸರು ಕೊಟ್ಟಿದ್ದೇನೆ. ಸೈಕಲ್ ಬಿಟ್ಟುಬಿಡಬೇಕೆ, ಅಥವಾ ಒಳ್ಳೆಯ ಹೊಸ ಸೈಕಲ್ ಕೊಂಡರೆ ಸರಿಹೋಗುತ್ತದೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೀವು ಪ್ರಾಸಂಗಿಕವಾಗಿ ಬರೆದ ಎರಡು ವಿವರಗಳು: ಸೀಟಿನ ಮೂತಿ ಬಾಗಿಸಿದ ಮೇಲೆ ಕೈಯ ತೊಂದರೆ ಶುರುವಾಯಿತು ಎಂಬುದು ಒಂದು, ಬೆಟ್ಟ ಹತ್ತುವಾಗ ಅದು ಇರುವುದಿಲ್ಲ ಎಂಬುದು ಇನ್ನೊಂದು. ಕ್ರೀಡಾ ಫಿಸಿಯೊಥೆರಪಿಸ್ಟ್ ಆಗಿ ಹದಿನೆಂಟು ವರ್ಷಗಳಿಂದ ಸೈಕಲ್ ಸವಾರರನ್ನು ನೋಡುತ್ತಿರುವ, ಪ್ರತಿ ವಾರ ನಾನೂ ಒಂದು ಗುಂಪಿನೊಡನೆ ರಸ್ತೆಗಿಳಿಯುವ ಅನುಭವದಿಂದ ಹೇಳುವುದಾದರೆ, ಈ ಎರಡು ವಿವರಗಳು ನಿಮ್ಮ ಕೈಯ ತೊಂದರೆ ಬಹುಮಟ್ಟಿಗೆ ಸೀಟಿನಿಂದ ಬಂದದ್ದು ಎಂಬ ಕಡೆಗೇ ಬೆರಳು ತೋರಿಸುತ್ತವೆ. ಸೈಕಲ್ ಬಿಡಬೇಕಾಗಿಲ್ಲ, ಹೊಸದನ್ನು ಕೊಳ್ಳಬೇಕಾಗಿಯೂ ಇಲ್ಲ. ಆದರೆ ಗುಂಡಿ ಹಾಕಲು ಆಗಲಿಲ್ಲ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ನೀವೂ ತೆಗೆದುಕೊಳ್ಳಬಾರದು.

ಮೊದಲು ಕೈಯೊಳಗೆ ಏನಾಗುತ್ತಿದೆ ಎಂಬುದನ್ನು ನೋಡೋಣ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಮಣಿಕಟ್ಟಿನ ಗೆರೆಯ ಹತ್ತಿರ ಬಟಾಣಿ ಕಾಳಿನಂಥ ಒಂದು ಗಟ್ಟಿ ಮೂಳೆ ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲೇ ಗಿಯೋನ್ ಕಾಲುವೆ ಎಂಬ ಇಕ್ಕಟ್ಟಾದ ದಾರಿಯಿದ್ದು, ಅಲ್ನರ್ ನರ ಅದರ ಮೂಲಕವೇ ಅಂಗೈಗೆ ಹೋಗುತ್ತದೆ. ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶಜ್ಞಾನ ಕೊಡುವುದು ಈ ನರ, ಬೆರಳುಗಳನ್ನು ಅಗಲಿಸುವ, ಕೂಡಿಸುವ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತುವ ಚಿಕ್ಕ ಸ್ನಾಯುಗಳನ್ನು ನಡೆಸುವುದೂ ಇದೇ. ರೋಡ್ ಬೈಕಿನ ಹ್ಯಾಂಡಲ್ ಮೇಲೆ ಮಣಿಕಟ್ಟನ್ನು ಹಿಂದಕ್ಕೆ ಮಡಚಿ ಮೈಭಾರ ಹಾಕಿದಾಗ ಆ ಭಾರ ನೇರವಾಗಿ ಬೀಳುವುದು ಇಲ್ಲಿಗೇ. ರಸ್ತೆಯ ಹಂಪುಗಳು, ಒರಟು ಡಾಂಬರು ಗಂಟೆಗಟ್ಟಲೆ ಅದೇ ಜಾಗವನ್ನು ಕುಟ್ಟುತ್ತಿರುತ್ತವೆ. ಇದು ಹೊಸ ಕಾಯಿಲೆಯಲ್ಲ. ವೈದ್ಯರು ಇದನ್ನು ‘ಹ್ಯಾಂಡಲ್‌ಬಾರ್ ಪಾಲ್ಸಿ’ ಎಂದೇ ಕರೆಯುತ್ತಾರೆ. ಪಾರ್ಶ್ವವಾಯುವಿಗೂ ಇದಕ್ಕೂ ಸಂಬಂಧವಿಲ್ಲ.

‘ಅಭ್ಯಾಸವಾಗುತ್ತದೆ’ ಎಂಬ ಮಾತಿಗೆ ಬರುತ್ತೇನೆ. ತೊಡೆಯ ಸ್ನಾಯುವಿಗೆ ಅಭ್ಯಾಸವಾಗುತ್ತದೆ, ಉಸಿರಿಗೆ ಆಗುತ್ತದೆ, ಕೂರುವ ಜಾಗದ ಚರ್ಮಕ್ಕೂ ಕೆಲವು ವಾರಗಳಲ್ಲಿ ಆಗುತ್ತದೆ. ನರಕ್ಕೆ ಒತ್ತಡ ಅಭ್ಯಾಸವಾಗುವುದಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 600 ಕಿ.ಮೀ. ಸವಾರಿಯ ಮೊದಲು ಮತ್ತು ನಂತರ 25 ಮಂದಿಯ ಕೈಗಳನ್ನು ಪರೀಕ್ಷಿಸಿದಾಗ 23 ಮಂದಿಯಲ್ಲಿ ಜೋಮೋ ಬಲಹೀನತೆಯೋ ಕಂಡುಬಂತು. ಹಳಬರು, ಹೊಸಬರು ಎಂಬ ಭೇದ ಅಲ್ಲಿರಲಿಲ್ಲ. ನಿಮ್ಮ ಕ್ಲಬ್ಬಿನ ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರೂ ಅನುಭವಿಸಿಯೇ ಇರುತ್ತಾರೆ. ಬಹುಶಃ ಅವರಿಗೆ ಸಂಜೆಯೊಳಗೆ ಬಿಟ್ಟುಹೋಗುತ್ತಿದ್ದಿರಬೇಕು. ನಿಮ್ಮದು ಮೂರು ದಿನ ಉಳಿಯುತ್ತಿದೆ, ಮೇಲಾಗಿ ಬಲವೂ ಕುಗ್ಗುತ್ತಿದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇನ್ನು ಮೂಲ ಕಾರಣ. ಸೈಕಲ್ ಮೇಲೆ ಮೈಭಾರ ಮೂರು ಕಡೆ ಹಂಚಿಹೋಗುತ್ತದೆ: ಸೀಟು, ಪೆಡಲ್, ಹ್ಯಾಂಡಲ್. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ನೀವು ಇಳಿಜಾರಾದ ಜಗುಲಿಯ ಮೇಲೆ ಕುಳಿತಂತೆ, ಪ್ರತಿ ಕ್ಷಣವೂ ಮುಂದಕ್ಕೆ ಜಾರುತ್ತಿರುತ್ತೀರಿ. ಜಾರದಂತೆ ತಡೆಯುತ್ತಿರುವುದು ನಿಮ್ಮ ಎರಡು ಅಂಗೈಗಳು. ತೊಡೆಸಂದಿಯ ಒತ್ತಡ ಕಡಿಮೆಯಾದದ್ದು ನಿಜ, ಆದರೆ ಅದು ಮಾಯವಾಗಲಿಲ್ಲ, ಕೈಗೆ ವರ್ಗವಾಯಿತು. ಬೆಟ್ಟ ಹತ್ತುವಾಗ ತೊಂದರೆ ಇಲ್ಲದಿರಲು ಎರಡು ಕಾರಣಗಳಿವೆ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಇಡೀ ಸೈಕಲ್ಲೇ ಸುಮಾರು ಮೂರು ಡಿಗ್ರಿ ಹಿಂದಕ್ಕೆ ವಾಲುತ್ತದೆ. ನಿಮ್ಮ ಬಾಗಿದ ಸೀಟು ಅಲ್ಲಿ ತಾನಾಗಿಯೇ ಸಮತಟ್ಟಿಗೆ ಬರುತ್ತದೆ. ಜೊತೆಗೆ ಏರಿನಲ್ಲಿ ಪೆಡಲನ್ನು ಗಟ್ಟಿಯಾಗಿ ತುಳಿಯುವುದರಿಂದ ಮೈ ಮೇಲೆದ್ದಂತಾಗಿ, ಕೈ ಹ್ಯಾಂಡಲನ್ನು ಒತ್ತುವ ಬದಲು ಎಳೆಯುತ್ತದೆ. ಇಳಿಯುವಾಗ ಎಲ್ಲವೂ ತಿರುಗುಮುರುಗು: ಸೀಟು ಇನ್ನಷ್ಟು ಬಾಗುತ್ತದೆ, ಪೆಡಲಿನ ಮೇಲೆ ಬಲವಿಲ್ಲ, ಬ್ರೇಕ್ ಹಿಡಿದಾಗಲೆಲ್ಲ ಮೈ ಮುಂದಕ್ಕೆ ನುಗ್ಗುತ್ತದೆ. ಬೇಗೂರಿನಿಂದ ಮರಳುವ ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರ್‌ಗಳಲ್ಲಿ ಜೋಮು ಹೆಚ್ಚುವುದೂ ಇದೇ ಲೆಕ್ಕದಲ್ಲಿ. ಕಾಲು ದಣಿದು ತುಳಿತ ಸಡಿಲವಾದಷ್ಟೂ ಕೈಯ ಪಾಲಿನ ಭಾರ ಏರುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಶಾಲಾ ಶಿಕ್ಷಕರು ನನ್ನ ಬಳಿ ಬಂದಿದ್ದರು. ಸೋಮವಾರದ ಮೊದಲ ಪೀರಿಯಡ್‌ನಲ್ಲಿ ಸೀಮೆಸುಣ್ಣ ಕೈಜಾರಿ ಬೀಳುತ್ತಿತ್ತಂತೆ. ಅವರು ಎರಡು ಬಗೆಯ ಗ್ಲೌಸ್, ದಪ್ಪ ಹ್ಯಾಂಡಲ್ ಟೇಪ್, ಕೊನೆಗೆ ಹ್ಯಾಂಡಲ್ಲನ್ನೇ ಬದಲಿಸಿ ನೋಡಿದ್ದರು. ಅವರ ಸೀಟಿನ ಮೇಲೆ ಗಾರೆ ಕೆಲಸದವರ ಪುಟ್ಟ ರಸಮಟ್ಟ ಇಟ್ಟೆ; ಗುಳ್ಳೆ ಪೂರ್ತಿ ಹಿಂದಿನ ತುದಿಗೆ ಓಡಿಹೋಯಿತು. ಒಂದೇ ಅಲೆನ್ ಕೀಯಲ್ಲಿ ಆಗುವ ಕೆಲಸ ಅದು. ಕೈ ಸರಿಹೋಗಲು ಮಾತ್ರ ಏಳು ವಾರ ಹಿಡಿಯಿತು.

ಹಾಗಾದರೆ ಸೀಟನ್ನು ಸಮಮಾಡಿದರೆ ತೊಡೆಸಂದಿಯ ಜೋಮು ಮರಳಿ ಬರುವುದಿಲ್ಲವೆ ಎಂದು ನೀವು ಕೇಳುತ್ತೀರಿ. ಈಗಿನ ಸೀಟನ್ನೇ ಇಟ್ಟುಕೊಂಡರೆ ಖಂಡಿತ ಬರುತ್ತದೆ. ಮೆತ್ತನೆಯ ಸೀಟು ಸುಖ ಕೊಡುತ್ತದೆ ಎಂಬ ನಂಬಿಕೆ ನಮ್ಮ ಕ್ಲಬ್ಬುಗಳಲ್ಲಿ ಬಹಳ ಆಳವಾಗಿ ಬೇರೂರಿದೆ. ನಾವು ಕೂರಬೇಕಾದದ್ದು ಪೃಷ್ಠದ ಕೆಳಗಿನ ಎರಡು ಗಟ್ಟಿ ಮೂಳೆಗಳ ಮೇಲೆ. ದಪ್ಪ ಜೆಲ್ಲಿನಲ್ಲಿ ಆ ಮೂಳೆಗಳು ಹೂತುಹೋಗಿ, ನಡುವಿನ ಜೆಲ್ ಮೇಲಕ್ಕೆ ಉಬ್ಬಿ, ಗುದ ಮತ್ತು ಜನನಾಂಗದ ನಡುವಿನ ಮೃದು ಭಾಗವನ್ನು ಒತ್ತುತ್ತದೆ. ಆ ಭಾಗದಲ್ಲೇ ಪ್ಯುಡೆಂಡಲ್ ನರವೂ ಅದರ ಜೊತೆಯ ರಕ್ತನಾಳಗಳೂ ಹಾದುಹೋಗುತ್ತವೆ. 2002ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಪುರುಷ ಸವಾರರ ಜನನಾಂಗಕ್ಕೆ ತಲುಪುವ ಆಮ್ಲಜನಕವನ್ನು ಅಳೆದಾಗ, ಕಿರಿದಾದ, ತುಂಬಾ ಮೆತ್ತೆಯ ಸೀಟಿನಲ್ಲಿ ಅದು ಶೇ. 80ಕ್ಕೂ ಹೆಚ್ಚು ಇಳಿದಿತ್ತು; ಮೂತಿಯೇ ಇಲ್ಲದ ಅಗಲವಾದ ಸೀಟಿನಲ್ಲಿ ಇಳಿಕೆ ಸುಮಾರು ಶೇ. 20 ಮಾತ್ರ. ಮುಖ್ಯವಾದದ್ದು ಅಗಲ, ಮೆತ್ತೆಯಲ್ಲ.

ಈ ಅಗಲವನ್ನು ಮನೆಯಲ್ಲೇ ತಿಳಿಯಬಹುದು. ರಟ್ಟಿನ ಪೆಟ್ಟಿಗೆಯ ಒಂದು ಸುಕ್ಕುರಟ್ಟಿನ ತುಂಡನ್ನು ಮೆಟ್ಟಿಲಿನ ಮೇಲೋ ಕಲ್ಲುಬೆಂಚಿನ ಮೇಲೋ ಇಟ್ಟು, ತೆಳುವಾದ ಬಟ್ಟೆ ತೊಟ್ಟು ಅದರ ಮೇಲೆ ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ, ಪಾದಗಳನ್ನು ಅರ್ಧ ನಿಮಿಷ ನೆಲದಿಂದ ಎತ್ತಿಹಿಡಿಯಿರಿ. ಎದ್ದು ನೋಡಿದರೆ ಎರಡು ತಗ್ಗುಗಳು ಮೂಡಿರುತ್ತವೆ. ಅವುಗಳ ನಡುಬಿಂದುಗಳ ಅಂತರಕ್ಕೆ 20ರಿಂದ 25 ಮಿ.ಮೀ. ಸೇರಿಸಿದರೆ ನಿಮಗೆ ಬೇಕಾದ ಸೀಟಿನ ಅಗಲದ ಅಂದಾಜು ಸಿಗುತ್ತದೆ. ಉದಾಹರಣೆಗೆ 115 ಮಿ.ಮೀ. ಬಂದರೆ 135ರಿಂದ 140 ಮಿ.ಮೀ. ಅಗಲದ, ಹದವಾಗಿ ಗಟ್ಟಿಯಿರುವ, ನಡುವೆ ಸೀಳಿರುವ ಸೀಟು ನೋಡಿ. ಬದಲಾಯಿಸಿಕೊಡಲು ಒಪ್ಪುವ ಅಂಗಡಿಯಲ್ಲೇ ಕೊಳ್ಳಿ, ಏಕೆಂದರೆ ಅಳತೆ ಸರಿಯಿದ್ದೂ ಆಕಾರ ಒಗ್ಗದೆ ಹೋಗುವುದುಂಟು.

ನಿಮ್ಮ ಭಾವನವರ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಒಪ್ಪುವಂತೆಯೂ ಇಲ್ಲ. ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಈ ವಿಷಯ ದೊಡ್ಡ ಸುದ್ದಿಯಾಗಿತ್ತು, ಇಂದಿಗೂ ಬಾಯಿಂದ ಬಾಯಿಗೆ ಹರಡುತ್ತಲೇ ಇದೆ. 2018ರಲ್ಲಿ ಸಾವಿರಾರು ಸೈಕಲ್ ಸವಾರರನ್ನು ಈಜುಗಾರರು ಮತ್ತು ಓಟಗಾರರೊಡನೆ ಹೋಲಿಸಿ ಪ್ರಕಟವಾದ ಸಮೀಕ್ಷೆಯಲ್ಲಿ ಲೈಂಗಿಕ ಸಾಮರ್ಥ್ಯದಲ್ಲಿ ಸೈಕಲ್ ಸವಾರರು ಹಿಂದೆ ಬಿದ್ದಿರಲಿಲ್ಲ. ಜನನಾಂಗದ ಜೋಮು ಮಾತ್ರ ಅವರಲ್ಲಿ ಹೆಚ್ಚಾಗಿತ್ತು. ಸವಾರಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಸೀಟಿನಿಂದ ಎದ್ದು ತುಳಿಯುವವರಲ್ಲಿ ಆ ಜೋಮು ಬಹಳ ಕಡಿಮೆಯಿತ್ತು. ಹೀಗಾಗಿ ನಾನು ಹೇಳುವುದಿಷ್ಟು: ಆ ಜೋಮು ಒಂದು ಎಚ್ಚರಿಕೆ, ಬಂದಾಗಲೆಲ್ಲ ಎದ್ದುನಿಂತು ರಕ್ತ ಹರಿಯಲು ಬಿಡಬೇಕು, ಮತ್ತೆ ಮತ್ತೆ ಬಂದರೆ ಸೀಟು ಬದಲಿಸಬೇಕು. ಸೈಕಲ್ ಇಳಿದ ಎಷ್ಟೋ ಹೊತ್ತಿನ ಮೇಲೂ ಉಳಿದರೆ, ಅಥವಾ ಲೈಂಗಿಕ ತೊಂದರೆ ನಿಜವಾಗಿಯೂ ಕಂಡುಬಂದರೆ, ಸಂಕೋಚಪಡದೆ ಮೂತ್ರರೋಗ ತಜ್ಞರನ್ನು ಕಾಣಿರಿ. ಕ್ಲಬ್ಬಿನ ಮಹಿಳೆಯರಿಗೂ ಇದೇ ನರ, ಇದೇ ಒತ್ತಡ, ಇದೇ ಜೋಮು. ಅವರು ಅದನ್ನು ಯಾರ ಬಳಿಯೂ ಹೇಳಿಕೊಳ್ಳಲಾಗದೆ ಸವಾರಿಯನ್ನೇ ನಿಲ್ಲಿಸಿಬಿಡುವುದನ್ನು ನಾನು ಕಂಡಿದ್ದೇನೆ. ನಿಮ್ಮ ಗುಂಪಿನಲ್ಲಿ ಈ ಮಾತನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಆಡಿದರೆ ಹಲವರಿಗೆ ಉಪಕಾರವಾದೀತು.

ಈಗ ನಿಮ್ಮ ಕೈಯನ್ನು ನೀವೇ ಪರೀಕ್ಷಿಸಿಕೊಳ್ಳಿ. ಒಂದು ಹಾಳೆಯ ಅಂಚನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ, ಹೆಬ್ಬೆರಳನ್ನು ನೇರವಾಗಿಟ್ಟು, ಹಿಡಿದುಕೊಳ್ಳಿ; ಮನೆಯವರೊಬ್ಬರು ಅದನ್ನು ಎಳೆಯಲಿ. ಹಾಳೆ ಜಾರಿದರೆ, ಅಥವಾ ಹಿಡಿದಿಡಲು ಹೆಬ್ಬೆರಳಿನ ತುದಿಯ ಗೆಣ್ಣು ತಾನಾಗಿಯೇ ಮಡಚಿಕೊಂಡರೆ, ಅಲ್ನರ್ ನರ ನಡೆಸುವ ಸ್ನಾಯು ಬಲ ಕಳೆದುಕೊಂಡಿದೆ ಎಂದರ್ಥ. ಎಡಗೈಯಲ್ಲೂ ಮಾಡಿ ಹೋಲಿಸಿ. ಎರಡನೆಯದಾಗಿ, ಕಿರುಬೆರಳಿನ ಕಡೆಯ ಅಂಗೈ ಹಿಂಭಾಗವನ್ನು ಹತ್ತಿಯಿಂದ ಸವರಿ ನೋಡಿ. ಆ ಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಮೊದಲೇ ಬೇರೆಯಾಗುವುದರಿಂದ, ಅಲ್ಲಿ ಸ್ಪರ್ಶ ಸರಿಯಾಗಿದ್ದರೆ ಒತ್ತಡ ಅಂಗೈಯಲ್ಲೇ ಇದೆ ಎಂದು ತಿಳಿಯಬಹುದು. ಅಲ್ಲೂ ಮಂಕಾಗಿದ್ದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಕಾರಣ ಹುಡುಕಬೇಕಾಗುತ್ತದೆ, ಆಗ ಸೈಕಲ್ ಸರಿಪಡಿಸುತ್ತ ಕೂರುವುದರಿಂದ ಕಾಲಹರಣವಷ್ಟೇ.

ಹಾಳೆಯ ಪರೀಕ್ಷೆಯಲ್ಲಿ ಬಲಗೈ ಸೋತರೆ ಈ ವಾರವೇ ನರರೋಗ ತಜ್ಞರನ್ನೋ ಮೂಳೆ ತಜ್ಞರನ್ನೋ ಕಂಡು, ನರದ ವಾಹಕತೆಯ ಪರೀಕ್ಷೆ ಬೇಕೆ ಎಂದು ಕೇಳಿ. ನಿಮ್ಮ ವಯಸ್ಸಿಗೆ ರಕ್ತದ ಸಕ್ಕರೆ, ಸಸ್ಯಾಹಾರಿಗಳಾಗಿದ್ದರೆ ಬಿ12 ಜೀವಸತ್ವ, ಇವೆರಡನ್ನೂ ಒಮ್ಮೆ ನೋಡಿಸಿಬಿಡುವುದು ಒಳ್ಳೆಯದು. ಸಕ್ಕರೆ ಕಾಯಿಲೆಯಿರುವವರ ನರ ಸಣ್ಣ ಒತ್ತಡಕ್ಕೂ ಬೇಗ ಸೋಲುತ್ತದೆ. ಮೆಡಿಕಲ್ ಶಾಪಿನಿಂದ ‘ನರದ ಮಾತ್ರೆ’ ತಂದು ತಿಂಗಳುಗಟ್ಟಲೆ ನುಂಗಬೇಡಿ. ಕೊರತೆಯಿಲ್ಲದಿದ್ದರೆ ಅವು ಒತ್ತಡಕ್ಕೆ ಸಿಕ್ಕ ನರವನ್ನು ಬಿಡಿಸಲಾರವು, ಬಿ6 ಅತಿಯಾದರೆ ಅದೇ ಜೋಮು ತರುತ್ತದೆ.

ಪರೀಕ್ಷೆ ಏನೇ ಹೇಳಲಿ, ಮುಂದಿನ ಎರಡು ವಾರ ರಸ್ತೆ ಸವಾರಿ ಬೇಡ. ಇದರಲ್ಲಿ ನಾನು ರಾಜಿಯಾಗಲಾರೆ. ನರದ ವಿಶ್ರಾಂತಿ ಒಂದು ಕಾರಣ, ಬ್ರೇಕ್ ಇನ್ನೊಂದು. ಮುಂದಿನವರ ಚಕ್ರಕ್ಕೆ ಒಂದು ಗಜ ದೂರದಲ್ಲಿ ಸಾಗುವ ಗುಂಪಿನಲ್ಲಿ, ಬೆರಳಿಗೆ ಬ್ರೇಕ್ ಒತ್ತುವ ಬಲವಿಲ್ಲದ ಸವಾರ ತನಗಷ್ಟೇ ಅಲ್ಲ, ಹಿಂದಿರುವ ಹತ್ತು ಮಂದಿಗೂ ಅಪಾಯ. ಬೇಕಿದ್ದರೆ ಮನೆಯಲ್ಲಿ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ, ಹ್ಯಾಂಡಲಿನ ಮೇಲ್ಭಾಗವನ್ನು ಬೆರಳ ತುದಿಯಲ್ಲಿ ಮುಟ್ಟಿಕೊಂಡು ಅರ್ಧ ಗಂಟೆ ತುಳಿಯಿರಿ. ಸಂಜೆ ನಡೆಯಿರಿ. ಕಾಲಿನ ಕಸುವು ಎರಡು ವಾರದಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಆ ಎರಡು ವಾರಗಳಲ್ಲಿ ಸೈಕಲ್ ಸರಿಪಡಿಸಿ, ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಸೀಟು: ಹೊಸದನ್ನು ಹಾಕಿ, ರಸಮಟ್ಟವಿಟ್ಟು ಸಮಮಾಡಿ, ಮೂತಿ ಹೆಚ್ಚೆಂದರೆ ಒಂದೆರಡು ಡಿಗ್ರಿ ಕೆಳಗಿರಬಹುದು. ನಂತರ ಎತ್ತರ: ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಮೊಣಕಾಲು ಸರಿಯಾಗಿ ನೇರವಾಗಬೇಕು, ಸೊಂಟ ವಾಲಬಾರದು. ಸೀಟು ಅತಿ ಎತ್ತರವಿದ್ದರೂ ಮೈ ಮುಂದಕ್ಕೆ ಬೀಳುತ್ತದೆ. ಇವೆರಡೂ ಸರಿಯಾದ ಮೇಲೆ ಹ್ಯಾಂಡಲಿನ ದೂರ ನೋಡಿ. ಸೆಕೆಂಡ್ ಹ್ಯಾಂಡ್ ಸೈಕಲ್ ಎಂದಿದ್ದೀರಿ. ಹಳೆಯ ಮಾಲೀಕರ ಮೈಗೆ ಹೊಂದಿಸಿದ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಗಿಡ್ಡ ತುಂಡು) ನಿಮಗೆ ಉದ್ದವಾಗಿರಬಹುದು. ಹುಡ್ (ಬ್ರೇಕ್ ಲಿವರಿನ ಬುಡದ ರಬ್ಬರ್ ಹೊದಿಕೆ) ಮೇಲೆ ಕೈಯಿಟ್ಟಾಗ ಮೊಣಕೈ ತುಸು ಮಡಚಿರಬೇಕು, ಮಣಿಕಟ್ಟು ನೇರವಾಗಿರಬೇಕು. ಮೊಣಕೈ ಕೋಲಿನಂತೆ ಸೆಟೆದಿದ್ದರೆ 10 ಮಿ.ಮೀ. ಗಿಡ್ಡ ಸ್ಟೆಮ್ ಹಾಕಿಸಿ, ಅಥವಾ ಇರುವುದನ್ನೇ ತಿರುಗಿಸಿ ಹ್ಯಾಂಡಲ್ ಎತ್ತರಿಸಿ. ಸ್ಟೆಮ್ಮಿನಿಂದಲೇ ಶುರುಮಾಡುವ ಆಸೆ ಬಹಳ ಜನಕ್ಕೆ. ಸೀಟು ಬಾಗಿರುವಾಗ ಹ್ಯಾಂಡಲ್ ಹತ್ತಿರ ತಂದರೆ ಕೆಲವು ವಾರ ಹಾಯೆನಿಸಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಟೈರಿನ ಗಾಳಿಯನ್ನೂ ಕೇಳಬೇಕಿತ್ತು, ನೀವು ಬರೆದಿಲ್ಲ. 100, 120 ಪಿಎಸ್‌ಐ ತುಂಬಿಸಿ ಕಲ್ಲಿನಂತೆ ಗಟ್ಟಿಮಾಡಿಕೊಳ್ಳುವ ರೂಢಿ ಕ್ಲಬ್ಬುಗಳಲ್ಲಿ ಇನ್ನೂ ಇದೆ. ನಿಮ್ಮ ಫ್ರೇಮಿಗೆ 28 ಮಿ.ಮೀ. ಟೈರ್ ಹಿಡಿಸುವುದಾದರೆ, 70 ಕೆ.ಜಿ. ತೂಕದವರಿಗೆ 70ರಿಂದ 80 ಪಿಎಸ್‌ಐ ಸಾಕು. ವೇಗ ಕುಗ್ಗುವುದಿಲ್ಲ, ಅಂಗೈಗೆ ಬೀಳುವ ಕುಟ್ಟು ಗಣನೀಯವಾಗಿ ಇಳಿಯುತ್ತದೆ. ಗ್ಲೌಸ್ ತೆಳುವಾಗಿದ್ದರೂ ಆಗುತ್ತದೆ. ಮೆತ್ತೆಯ ದಿಂಡು ಸರಿಯಾಗಿ ಆ ಕಾಲುವೆಯ ಮೇಲೇ ಬಂದರೆ ದಪ್ಪ ಗ್ಲೌಸಿನಿಂದ ಕೇಡೇ ಹೆಚ್ಚು.

ಇವನ್ನೆಲ್ಲ ಒಬ್ಬರೇ ಮಾಡಲು ಧೈರ್ಯ ಸಾಲದಿದ್ದರೆ ಬೈಕ್ ಫಿಟ್ಟಿಂಗ್ ಮಾಡಿಸಿ, ಅಂದರೆ ಸೈಕಲನ್ನು ನಿಮ್ಮ ಮೈ ಅಳತೆಗೆ ಹೊಂದಿಸಿಕೊಡುವವರ ಬಳಿ ಹೋಗಿ. ಕೆಲವು ಸಾವಿರ ರೂಪಾಯಿ ಖರ್ಚಾಗುತ್ತದೆ, ಹೊಸ ಸೈಕಲಿನ ಬೆಲೆಯ ಮುಂದೆ ಅದು ಚಿಲ್ಲರೆ. ಆದರೆ ಬರೀ ಕೋನಗಳನ್ನು ಅಳೆದು ಕಳುಹಿಸುವವರ ಬಳಿ ಹೋಗಬೇಡಿ. ನಿಮ್ಮ ಬೆರಳಿನ ಕಥೆಯನ್ನು ಪೂರ್ತಿ ಕೇಳಿ, ನಿಮ್ಮ ಬೆನ್ನು ಎಷ್ಟು ಬಾಗುತ್ತದೆ ಎಂದು ಮೊದಲು ನೆಲದ ಮೇಲೆ ನೋಡುವವರನ್ನು ಆರಿಸಿಕೊಳ್ಳಿ. ಫಿಟ್ಟಿಂಗ್ ಇಲ್ಲದೆ ಹೊಸ ಸೈಕಲ್ ಕೊಂಡರೆ ಇದೇ ತೊಂದರೆ ಹೊಸ ಬಣ್ಣದಲ್ಲಿ ಬರುತ್ತದೆ.

ಗುಂಪಿಗೆ ಮರಳುವಾಗ ಒಂದು ವಿಷಯ ಗಮನಿಸಿ. ಹೊಸಬರು ಪೇಸ್‌ಲೈನ್‌ನಲ್ಲಿ (ಒಬ್ಬರ ಹಿಂದೊಬ್ಬರು ಒತ್ತಾಗಿ ಸಾಗುವ ಸಾಲಿನಲ್ಲಿ) ಹೆದರಿಕೆಯಿಂದ ಎರಡೂ ಕೈಗಳನ್ನು ಬ್ರೇಕ್ ಮೇಲೆ ಬಿಗಿಹಿಡಿದು, ಭುಜ ಕಿವಿಗೇರಿಸಿಕೊಂಡು, ಒಂದೂವರೆ ಗಂಟೆ ಅಲುಗಾಡದೆ ಸಾಗುತ್ತಾರೆ. ಗಾಳಿಯ ಅಡ್ಡಿ ಕಡಿಮೆಯಾಗಿ ಕಾಲಿಗೆ ಆಗುವ ಉಳಿತಾಯಕ್ಕೆ ಕೈ ಬೆಲೆ ತೆರುತ್ತದೆ. ಮೊದಲ ಎರಡು ತಿಂಗಳು ಸಾಲಿನ ಕೊನೆಯಲ್ಲಿ, ಸ್ವೀಪ್ ಮಾಡುವ, ಅಂದರೆ ಹಿಂದುಳಿದವರನ್ನು ನೋಡಿಕೊಂಡು ಕೊನೆಯಲ್ಲಿ ಬರುವ, ಹಿರಿಯರ ಜೊತೆಗಿರಿ. ಅಲ್ಲಿ ಐದೈದು ನಿಮಿಷಕ್ಕೆ ಕೈಯ ಜಾಗ ಬದಲಿಸಬಹುದು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ತುಳಿಯಬಹುದು. ಸಾಲಿನ ನಡುವೆ ಏಳುವಾಗ ಮಾತ್ರ ಮೊದಲು ಕೂಗಿ ಹೇಳಬೇಕು, ಏಕೆಂದರೆ ಎದ್ದ ಕ್ಷಣ ಸೈಕಲ್ ಅರ್ಧ ಗೇಣು ಹಿಂದಕ್ಕೆ ಸರಿದು ಹಿಂದಿನವರ ಚಕ್ರಕ್ಕೆ ತಗಲುವ ಸಂಭವವಿದೆ. ಕೈಗೆ ಏನಾಗಿದೆ ಎಂಬುದನ್ನು ರೈಡ್ ಲೀಡರ್‌ಗೆ ಮುಚ್ಚಿಡದೆ ತಿಳಿಸಿ. ತಿಂಡಿಗೆ ನಿಂತಾಗ ನಿಮಗಾಗಿ ಹತ್ತು ನಿಮಿಷ ಕಾಯಲಾರದ ಕ್ಲಬ್ಬನ್ನು ನಾನು ಇದುವರೆಗೆ ಕಂಡಿಲ್ಲ.

ಉಳಿದದ್ದು ಡಿಸೆಂಬರಿನ ಬಿಆರ್‌ಎಂ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ನಿಲ್ಲುವ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ ಸರಾಸರಿ ಸಾಕು. ಅದು ಸ್ಪರ್ಧೆಯಲ್ಲ, ಮೊದಲನೆಯವರು ಕೊನೆಯವರು ಎಂಬುದೇ ಇಲ್ಲ; ಆದ್ದರಿಂದ ವೇಗದ ವಿಷಯದಲ್ಲಿ ನಿಮಗೆ ಚಿಂತೆ ಬೇಡ. ನನ್ನ ಷರತ್ತು ಬೆರಳಿನದು. ಎರಡು ವಾರದ ಬಿಡುವಿನ ನಂತರ 30 ಕಿ.ಮೀ., ಜೋಮಿಲ್ಲದಿದ್ದರೆ ಮುಂದಿನ ವಾರ 45, ಅನಂತರ 60, ಹೀಗೆ ಏರಿಸುತ್ತ ಹೋಗಿ. ಸವಾರಿ ಮುಗಿದ ಒಂದು ಗಂಟೆಯೊಳಗೆ ಬೆರಳು ಪೂರ್ತಿ ತಿಳಿಯಾಗದಿದ್ದರೆ ಹಿಂದಿನ ದೂರಕ್ಕೇ ಇಳಿಯಿರಿ. ಬಿಆರ್‌ಎಂಗೆ ಮೂರು ವಾರ ಮೊದಲು 120 ಕಿ.ಮೀ.ಯನ್ನು ಜೋಮಿಲ್ಲದೆ ಮುಗಿಸಿ, ಮರುದಿನ ಬೆಳಿಗ್ಗೆ ಹಾಳೆಯ ಪರೀಕ್ಷೆಯಲ್ಲಿ ಎರಡೂ ಕೈ ಸಮನಾಗಿ ಗೆದ್ದರೆ ಹೊರಡಿ. ಇಲ್ಲವಾದರೆ ಈ ಬಾರಿ ನಿಮ್ಮ ಕ್ಲಬ್ಬಿನವರಿಗೆ ಕಂಟ್ರೋಲ್ ಪಾಯಿಂಟಿನಲ್ಲಿ (ದಾರಿಯ ತಪಾಸಣಾ ಜಾಗದಲ್ಲಿ) ನೀರು, ಬಾಳೆಹಣ್ಣು ಒದಗಿಸಲು ನಿಲ್ಲಿ. ಬಿಆರ್‌ಎಂ ವರ್ಷ ನವೆಂಬರಿನಲ್ಲಿ ಆರಂಭವಾಗಿ ಮುಂದಿನ ಅಕ್ಟೋಬರ್‌ವರೆಗೆ ನಡೆಯುತ್ತದೆ, ಇನ್ನೊಂದು 200 ಕಿ.ಮೀ.ಗೆ ಹೆಸರು ಕೊಡಲು ನಿಮಗೆ ಅವಕಾಶ ಸಿಗುತ್ತದೆ.